ಬೆಣ್ಣೆದೋಸೆ ಬರುವ ತನಕ

ಸೋಮವಾರ ಬೆಳಿಗ್ಗೆ ದಾವಣಗೆರೆಯ ನನ್ನ ಕ್ಲಿನಿಕ್‌ನಲ್ಲಿ ಭಾನುವಾರದ ಹೋಟೆಲ್ ಕತೆಗಳೇ ಜಾಸ್ತಿ. ಒಂದು ಮಗುವಿಗೆ ವಾಂತಿ, ಇನ್ನೊಂದರ ಕೈ ಮೇಲೆ ಕಾಫಿ ಚೆಲ್ಲಿ ಎದ್ದ ಬೊಬ್ಬೆ. ಕಾಯಿಲೆ ಇಲ್ಲದೆಯೂ ಕೆಲವರು ಬರುತ್ತಾರೆ. ಹೋದ ತಿಂಗಳು ಎರಡೂವರೆ ವರ್ಷದ ಹುಡುಗನನ್ನು ಕರೆದುಕೊಂಡು ತಾಯಿ, ಅಜ್ಜಿ ಇಬ್ಬರೂ ಬಂದಿದ್ದರು.

"ಮೇಡಂ, ಇವನಿಗೆ ಹಸಿವಾಗೋ ಟಾನಿಕ್ ಬರ್ಕೊಡ್ರಿ. ನಿನ್ನೆ ಹೋಟೆಲ್‌ನಾಗೆ ಒಂದು ತುತ್ತು ತಿನ್ಲಿಲ್ಲ. ನೆಲದ ಮೇಲೆ ಬಿದ್ದು ಹೊರಳಾಡಿ ನಮ್ಮ ಮಾನ ಕಳೆದ."

ಹುಡುಗ ನನ್ನ ಟಾರ್ಚ್ ಹಿಡಿದುಕೊಂಡು ಖುಷಿಯಾಗಿದ್ದ. ತೂಕ ನೋಡಿದೆ, 12 ಕೆ.ಜಿ. ದಾಟಿತ್ತು. ಬೆಳವಣಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಮೂರು ಪ್ರಶ್ನೆ ಕೇಳಿದೆ. ಎಷ್ಟು ಗಂಟೆಗೆ ಎದ್ದ? ಮನೆಯಲ್ಲಿ ಏನು ತಿಂದ? ಹೋಟೆಲ್‌ನಲ್ಲಿ ದೋಸೆ ಎಷ್ಟು ಹೊತ್ತಿಗೆ ಬಂತು?

ಎದ್ದಿದ್ದು ಆರೂವರೆಗೆ. ಒಂದು ಲೋಟ ಹಾಲು ಕುಡಿದಿದ್ದ. "ಹೆಂಗೂ ಹೋಟೆಲ್‌ನಾಗೆ ತಿಂತಾನಲ್ಲ ಅಂತ ಬೇರೆ ಏನೂ ಕೊಡ್ಲಿಲ್ಲ." ಎಂಟು ಜನ ಹೊರಟು ಹೋಟೆಲ್ ಮುಟ್ಟಿದಾಗ ಒಂಬತ್ತೂವರೆ. ಟೇಬಲ್ ಸಿಗಲು ಅರ್ಧ ಗಂಟೆ, ದೋಸೆ ಬರಲು ಇನ್ನೂ ಇಪ್ಪತ್ತು ನಿಮಿಷ. ಅಂದರೆ ಆ ಹುಡುಗ ಬರೀ ಹಾಲಿನ ಮೇಲೆ ಮೂರೂವರೆ ಗಂಟೆಗಿಂತ ಜಾಸ್ತಿ ಹೊತ್ತು ಇದ್ದ. ಅವನಿಗೆ ಟಾನಿಕ್ ಬೇಕಿರಲಿಲ್ಲ. ಎಂಟು ಗಂಟೆಗೆ ಒಂದು ಬಾಳೆಹಣ್ಣು ಬೇಕಿತ್ತು.

ಇಪ್ಪತ್ತು ವರ್ಷದಿಂದ ಮಕ್ಕಳನ್ನು ನೋಡುತ್ತಿದ್ದೇನೆ. ಹೋಟೆಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಕಷ್ಟವಾಗುವುದು ತಿನ್ನುವುದಲ್ಲ, ಕಾಯುವುದು. ನಾವು ಅದನ್ನು ಹಟ ಅನ್ನುತ್ತೇವೆ.

ಚಿಕ್ಕ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. 12 ಕಿಲೋ ಮಗುವಿಗೆ 360 ಮಿಲಿಲೀಟರ್ ಆಯಿತು. ಇಷ್ಟು ಚಿಕ್ಕ ಹೊಟ್ಟೆ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಅದಕ್ಕೇ ಈ ವಯಸ್ಸಿನವರಿಗೆ ಮೂರು ಊಟದ ಜೊತೆ ನಡುವೆ ಎರಡು ಸಲ ಏನಾದರೂ ಕೊಡಿ ಅನ್ನುತ್ತೇವೆ. ಇನ್ನೊಂದು ಮಾತು. ಆಸೆಯನ್ನು ತಡೆದು ಹಿಡಿಯುವ ಮಿದುಳಿನ ಭಾಗ ಪೂರ್ತಿ ಬೆಳೆಯಲು ಇಪ್ಪತ್ತು ದಾಟಬೇಕು. ಎರಡು ವರ್ಷದ ಕೂಸಿಗೆ "ಇನ್ನು ಐದೇ ನಿಮಿಷ ಪುಟ್ಟ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅದಕ್ಕೆ ಗೊತ್ತಿರುವುದು ಈಗ ಇದೆಯೋ ಇಲ್ಲವೋ, ಅಷ್ಟೆ. ಪಕ್ಕದ ಟೇಬಲ್‌ಗೆ ಘಮಘಮ ಬೆಣ್ಣೆದೋಸೆ ಹೋಗುತ್ತಿದೆ, ತನಗೆ ಮಾತ್ರ ಇಲ್ಲ ಅಂದರೆ ಅಳದೆ ಇನ್ನೇನು ಮಾಡಬೇಕು?

ಹೊರಡುವ ಮೊದಲು ಮನೆಯಲ್ಲಿ ಅರ್ಧ ಹೊಟ್ಟೆ ತುಂಬಿಸಿ. ಬಾಳೆಹಣ್ಣೋ, ಅರ್ಧ ಚಪಾತಿಯೋ, ನಾಲ್ಕು ಚಮಚ ಮೊಸರನ್ನವೋ ಸಾಕು. ಹೋಟೆಲ್‌ನಲ್ಲಿ ಕಮ್ಮಿ ತಿಂದರೆ ದುಡ್ಡು ದಂಡವಾಗುವುದಿಲ್ಲ. ಮಗು ಅಲ್ಲಿಗೆ ಹೋಗುವುದು ನಿಮ್ಮ ಜೊತೆ ಕೂರಲು. ಭಾನುವಾರ ಹತ್ತು ಗಂಟೆಗೆ ನಮ್ಮೂರಿನ ಯಾವ ಬೆಣ್ಣೆದೋಸೆ ಹೋಟೆಲ್ ಮುಂದೆ ಹೋದರೂ ಜನ ನಿಂತಿರುತ್ತಾರೆ. ಎಂಟಕ್ಕೆ ಮೊದಲೇ ಹೋಗಿ. ಹೊತ್ತಾಗಿಯೇ ಹೋಗುವುದಾದರೆ ಮನೆಯವರೊಬ್ಬರು ಮುಂಚೆ ಹೋಗಿ ಜಾಗ ಹಿಡಿಯಲಿ, ಮಗು ಆಮೇಲೆ ಬರಲಿ. ಕೂತ ಕೂಡಲೇ ಮಗುವಿನದನ್ನು ಮಾತ್ರ ಮೊದಲು ಹೇಳಿ: "ಅಣ್ಣಾ, ಒಂದು ಇಡ್ಲಿ ಬೇಗ ಕೊಡಿ, ಉಳಿದದ್ದು ಆಮೇಲೆ." ನಮ್ಮೂರಿನ ಹೋಟೆಲ್‌ನವರು ಮಕ್ಕಳ ವಿಷಯದಲ್ಲಿ ಒಳ್ಳೆಯವರು. ಅಳುವ ಮಗುವನ್ನು ಎತ್ತಿಕೊಂಡು ಕಾವಲಿ ತೋರಿಸಿ ಸಮಾಧಾನ ಮಾಡಿದ ಸಪ್ಲೈಯರ್‌ಗಳನ್ನು ನಾನೇ ಕಂಡಿದ್ದೇನೆ.

ಕಾವಲಿ ಅಂದೆನಲ್ಲ, ಕಾಯುವ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಆಟ ಇಲ್ಲ. ಮಗುವನ್ನು ಎತ್ತಿಕೊಂಡು ದೂರದಿಂದ ತೋರಿಸಿ. ನೀರು ಚಿಮುಕಿಸಿದಾಗ ಚುಂಯ್ ಅನ್ನುವುದು, ಪೊರಕೆಯಲ್ಲಿ ಗುಡಿಸುವುದು, ಹಿಟ್ಟು ಹುಯ್ಯುವುದು, ಬೆಣ್ಣೆ ಕರಗುವುದು. "ಎಷ್ಟು ದೋಸೆ ಇದೆ, ಎಣಿಸೋಣ ಬಾ" ಅನ್ನಿ. ಚೀಲದಲ್ಲಿ ಎರಡು ಕ್ರೇಯಾನ್, ಒಂದು ಹಾಳೆ ಇಟ್ಟುಕೊಂಡರೆ ಇನ್ನೂ ಹತ್ತು ನಿಮಿಷ ಸಿಗುತ್ತದೆ.

ಮೊಬೈಲ್ ಕೊಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಊಟದ ಹೊತ್ತಿಗೆ ಮಾತ್ರ ನಾನು ಇದರಲ್ಲಿ ಬಹಳ ಗಟ್ಟಿ. ಕಣ್ಣು ಸ್ಕ್ರೀನ್ ಮೇಲಿದ್ದರೆ ಮಗು ಅಗಿಯುವುದನ್ನು ಮರೆಯುತ್ತದೆ. ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂತಿರುತ್ತದೆ. ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಹೀಗೆ ಅಭ್ಯಾಸವಾದ ಮಕ್ಕಳು ನಾಲ್ಕು ವರ್ಷಕ್ಕೂ ಫೋನ್ ಇಲ್ಲದೆ ಬಾಯಿ ತೆರೆಯುವುದಿಲ್ಲ. ಅದನ್ನು ಬಿಡಿಸಲು ತಾಯಂದಿರು ಪಡುವ ಪಾಡು ನೋಡಿದ್ದೇನೆ. ಇಡೀ ಟೇಬಲ್ ನಿಮ್ಮನ್ನೇ ನೋಡುತ್ತಿರುವಾಗ ಫೋನ್ ಕೊಟ್ಟುಬಿಡುವ ತಾಯಿಯನ್ನು ನಾನು ಬೈಯುವುದಿಲ್ಲ. ಆ ಐದು ನಿಮಿಷ ಮಗುವನ್ನು ಹೊರಗೆ ಸುತ್ತಾಡಿಸಿಕೊಂಡು ಬರುವ ಕೆಲಸ ಅಪ್ಪನೋ ಮಾವನೋ ವಹಿಸಿಕೊಂಡರೆ ಫೋನ್ ಹೊರಗೆ ಬರುವುದೇ ಇಲ್ಲ.

ಏನು ಕೊಡಬೇಕು ಅನ್ನುವುದು ನಮ್ಮೂರಿನಲ್ಲಿ ಸುಲಭ. ಖಾಲಿ ದೋಸೆ ಮೆತ್ತಗಿರುತ್ತದೆ, ಚಿಕ್ಕ ಕೈಗೆ ಹರಿಯಲು ಬರುತ್ತದೆ. ಆಲೂಗಡ್ಡೆ ಪಲ್ಯದಲ್ಲಿ ಹಸಿಮೆಣಸಿನಕಾಯಿ ತೆಗೆದು ಕೊಡಿ. ಚಟ್ನಿ ಖಾರ, ಅದನ್ನು ಪಕ್ಕಕ್ಕಿಡಿ. ಏಳೆಂಟು ತಿಂಗಳ ಕೂಸಿಗೆ ಇಡ್ಲಿಯ ನಡುಭಾಗ ಹಿಸುಕಿ ಕೊಡಬಹುದು. ಒಂದು ವರ್ಷದೊಳಗೆ ಜೇನುತುಪ್ಪ ಮಾತ್ರ ಎಲ್ಲೂ ಬೇಡ. ಎರಡು ವರ್ಷದೊಳಗೆ ಸಕ್ಕರೆ ಹಾಕಿದ ಜ್ಯೂಸೂ ಬೇಡ. ಇನ್ನು ಅಜ್ಜನ ಲೋಟದಿಂದ "ಒಂದೇ ಗುಟುಕು" ಕಾಫಿ, ಟೀ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಊಟದ ಜೊತೆ ಕುಡಿದ ಟೀ ಆಹಾರದಲ್ಲಿನ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತ ಕಮ್ಮಿ ಇತ್ತು. ಹಾಗಿರುವಾಗ ಆ ಗುಟುಕು ಯಾಕೆ?

ಒತ್ತಾಯ ಮಾಡಿ ತುರುಕಬೇಡಿ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಎಷ್ಟು ತಿನ್ನಬೇಕು ಅನ್ನುವುದನ್ನು ಮಗುವಿಗೆ ಬಿಡಿ. ಹೊಸ ತಿಂಡಿಯನ್ನು ಹತ್ತು ಸಲ ನೋಡಿ, ಮುಟ್ಟಿ, ಉಗಿದ ಮೇಲೆ ಹನ್ನೊಂದನೇ ಸಲ ತಿನ್ನುವ ಮಕ್ಕಳಿದ್ದಾರೆ.

ಈಗ ನನಗೆ ನಿಜವಾಗಿ ಭಯ ಇರುವ ವಿಷಯಕ್ಕೆ ಬರುತ್ತೇನೆ. ಸಂಜೆ ಗಾಜಿನ ಮನೆ ನೋಡಿಕೊಂಡು ಬರುತ್ತಾ ಮಂಡಕ್ಕಿ-ಮೆಣಸಿನಕಾಯಿ ತಿನ್ನದೆ ಬರುವವರು ನಮ್ಮೂರಿನಲ್ಲಿ ಕಮ್ಮಿ. ದೊಡ್ಡವರು ತಿನ್ನಲಿ, ನನಗೂ ಇಷ್ಟ. ಆದರೆ ಖಾರ ಮಂಡಕ್ಕಿಯಲ್ಲಿ ಶೇಂಗಾ ಇರುತ್ತದೆ, ಪುಟಾಣಿ ಇರುತ್ತದೆ. ಐದು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ ಕೊಡಬಾರದು. ದವಡೆ ಹಲ್ಲು ಮೂಡಿದ ತಕ್ಷಣ ಗಟ್ಟಿ ಕಾಳನ್ನು ಅರೆಯಲು ಬರುವುದಿಲ್ಲ, ಅದಕ್ಕೆ ಮಗುವಿಗೆ ನಾಲ್ಕೈದು ವರ್ಷ ತುಂಬಬೇಕು. ಅಷ್ಟರಲ್ಲಿ ನಗುತ್ತಲೋ ಓಡುತ್ತಲೋ ತಿಂದರೆ ಕಾಳು ಅನ್ನನಾಳ ಬಿಟ್ಟು ಉಸಿರಿನ ದಾರಿಗೆ ಇಳಿಯುತ್ತದೆ. ಮಗುವಿನ ಆ ದಾರಿ ಬಹಳ ಸಣ್ಣದು. ಕೆಲವು ಸಲ ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುತ್ತದೆ. ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ. ಕಾಳು ಒಳಗೇ ಉಬ್ಬುತ್ತದೆ, ಎಣ್ಣೆಯಿಂದ ಸುತ್ತ ಊತ ಬರುತ್ತದೆ. ವಾರಗಟ್ಟಲೆ ಕೆಮ್ಮು, ಒಂದೇ ಬದಿಯ ಎದೆಯಲ್ಲಿ ಸುಯ್ ಸುಯ್ ಶಬ್ದ. ಕೊನೆಗೆ ಮಗುವಿಗೆ ಪ್ರಜ್ಞೆ ತಪ್ಪಿಸಿ ನಳಿಕೆ ಇಳಿಸಿ ಆ ಕಾಳು ತೆಗೆಯಬೇಕಾಗುತ್ತದೆ. ನಿಮ್ಮ ಮಗುವಿಗೆ ಕೆಮ್ಮು ಬಿಡದಿದ್ದರೆ, ಶೇಂಗಾ ತಿನ್ನುವಾಗ ಒಮ್ಮೆ ಕೆಮ್ಮಿತ್ತು ಅನ್ನುವುದನ್ನು ಡಾಕ್ಟರ ಹತ್ತಿರ ಮರೆಯದೆ ಹೇಳಿ. ಎಷ್ಟೋ ಸಲ ಆ ಒಂದು ಮಾತಿನಿಂದಲೇ ಕಾರಣ ಸಿಗುತ್ತದೆ.

ಹಾಗೆ ಸಿಕ್ಕಿಕೊಂಡಾಗ ನಾವು "ನೆತ್ತಿಗೆ ಹತ್ತಿತು" ಅಂತ ತಲೆ ತಟ್ಟುತ್ತೇವೆ. ನೆತ್ತಿ ತಟ್ಟಿದರೆ ಏನೂ ಆಗುವುದಿಲ್ಲ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಕೆಮ್ಮು, ಅಳು, ಮಾತು ಯಾವುದೂ ಹೊರಡದೆ ಮುಖ ನೀಲಿಯಾಗುತ್ತಿದ್ದರೆ ತಡ ಮಾಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಎಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಗುದ್ದಲಿ. ಹೊರಗೆ ಬರಲಿಲ್ಲವಾ? ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಎಳೆಯಿರಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗೆ ಮಾಡಿ ಮಲಗಿಸಿ ಬೆನ್ನಿಗೆ 5 ಸಲ ತಟ್ಟಿ. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ವಸ್ತು ಹೊರಬರುವ ತನಕ ಹೀಗೇ ಒಂದಾದ ಮೇಲೆ ಒಂದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಕೂಡಲೇ ಎದೆ ಒತ್ತುವ ಸಿ.ಪಿ.ಆರ್. ಶುರು ಮಾಡಬೇಕು. ಮನೆಯಲ್ಲಿ ಇಬ್ಬರಾದರೂ ಇದನ್ನು ಬೊಂಬೆಯ ಮೇಲೆ ಮಾಡಿ ಕಲಿತಿರಿ. ಹತ್ತಿರದ ಮಕ್ಕಳ ಡಾಕ್ಟರನ್ನು ಕೇಳಿದರೆ ಖಂಡಿತ ತೋರಿಸಿಕೊಡುತ್ತಾರೆ.

ಕಾಫಿಯ ಬೊಬ್ಬೆಗೆ ಬರೋಣ. ಮಗು ತೊಡೆ ಮೇಲಿದ್ದಾಗ ಕಾಫಿ ಕೈಯಲ್ಲಿ ಇರಬಾರದು. ಎರಡರಲ್ಲಿ ಒಂದು. ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ನಮಗೆ ಹದವಾಗಿದೆ ಅನ್ನಿಸುವ ಸಾಂಬಾರ್ ಕೂಡ ಅದನ್ನು ಸುಡುತ್ತದೆ. ಚೆಲ್ಲಿಯೇ ಬಿಟ್ಟರೆ ಒದ್ದೆ ಬಟ್ಟೆ, ಬಳೆ ತೆಗೆದು ಸೀದಾ ಕೈ ತೊಳೆಯುವ ನಲ್ಲಿಗೆ ಹೋಗಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ. ಟೂತ್‌ಪೇಸ್ಟ್ ಬೇಡ. ಟೇಬಲ್ ಮೇಲಿರುವ ಬೆಣ್ಣೆಯಂತೂ ಬೇಡವೇ ಬೇಡ. ಆಮೇಲೆ ಶುದ್ಧ ಬಟ್ಟೆ ಸಡಿಲವಾಗಿ ಸುತ್ತಿ ಆಸ್ಪತ್ರೆಗೆ ಬನ್ನಿ.

ಹೊಗೆ ಬರುವ ಬಿಸ್ಕೆಟ್ ಬಗ್ಗೆ ನಿಮಗೆ ನೆನಪಿರಬಹುದು. 2024ರಲ್ಲಿ ಅದನ್ನು ತಿಂದು ಹುಡುಗನೊಬ್ಬ ಒದ್ದಾಡಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಅದು ನಮ್ಮ ದಾವಣಗೆರೆಯದೇ. ಆ ಹೊಗೆ ದ್ರವ ನೈಟ್ರೋಜನ್‌ನದು, ಅದರ ತಂಪು ಮೈನಸ್ 196 ಡಿಗ್ರಿ. ಬಾಯಿ, ಗಂಟಲು, ಹೊಟ್ಟೆ ಮೂರನ್ನೂ ಸುಡಬಲ್ಲದು. ಆ ವರ್ಷವೇ ರಾಜ್ಯದಲ್ಲಿ ತಿನಿಸಿನ ಜೊತೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಜಾತ್ರೆಯಲ್ಲೋ ಮದುವೆಯಲ್ಲೋ ಕಂಡರೆ ಮಗುವನ್ನು ದೂರ ಕರೆದುಕೊಂಡು ಹೋಗಿ.

ವಾಂತಿ-ಭೇದಿಯದು ಹೆಚ್ಚು ಹೇಳಬೇಕಿಲ್ಲ. ಸೋಪಿನಲ್ಲಿ ಕೈ ತೊಳೆಸಿ, ನೀರು ಮನೆಯಿಂದ ಒಯ್ಯಿರಿ, ಒಲೆಯಿಂದ ಆಗಷ್ಟೇ ಇಳಿದದ್ದನ್ನು ಆರಲು ಬಿಟ್ಟು ಕೊಡಿ. ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಮಗು ಮಂಕಾದರೆ, ಆರು ಗಂಟೆಯಾದರೂ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಸೋಮವಾರದ ತನಕ ಕಾಯಬೇಡಿ.

ರಜೆ ಬಂತೆಂದರೆ ಇಲ್ಲಿಂದ ಬಹಳ ಮನೆಯವರು ಚಿತ್ರದುರ್ಗದ ಕೋಟೆಗೆ ಹೋಗುತ್ತಾರೆ. ಬಿಸಿಲಲ್ಲಿ ಹತ್ತಿ ಇಳಿದು, ಎರಡು ಗಂಟೆಗೆ ಹೋಟೆಲ್‌ನಲ್ಲಿ ಕೂತು, ಊಟ ಟೇಬಲ್‌ಗೆ ಬರುವ ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. "ಎಬ್ಬಿಸ್ರಿ, ಉಪವಾಸ ಮಲಗ್ತದೆ" ಅಂತ ಯಾರಾದರೂ ಹಿರಿಯರು ಅನ್ನುತ್ತಾರೆ. ಎಬ್ಬಿಸಬೇಡಿ. ಅರೆನಿದ್ದೆಯಲ್ಲಿ ಬಾಯಿಗಿಟ್ಟ ತುತ್ತು ಸುಲಭವಾಗಿ ಉಸಿರಿನ ದಾರಿಗೆ ಹೋಗುತ್ತದೆ. ಕಾರಿನಲ್ಲಿ ಆರಾಮಾಗಿ ಮಲಗಿಸಿಕೊಳ್ಳಿ, ಪಕ್ಕದಲ್ಲಿ ಒಬ್ಬರು ಇರಿ. ಎದ್ದ ಮೇಲೆ ಕೊಡಲು ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟಿರಿ.