ಚಿತ್ರ ದಾನ ಕೊಡ್ತೀರಾ? ಮೊದಲು ಹಿಂದುಗಡೆ ತೋರಿಸಿ

ಮ್ಯೂಸಿಯಂಗೆ ಪೇಂಟಿಂಗ್ ಕೊಡ್ತೀವಿ ಅಂತ ಬರೋ ಕಲಾ ಸಂಗ್ರಹಕಾರರು ಚಿತ್ರವನ್ನ ಬೆಳಕಿಗೆ ಹಿಡಿದು ಚೆನ್ನಾಗಿ ಕಾಣೋ ಹಾಗೆ ನಿಲ್ಲಿಸ್ತಾರೆ, ನಾನು ಮೊದಲು ಮಾಡೋದೇ ಅದನ್ನ ತಿರುಗಿಸೋದು. ಕೆಲವರ ಮುಖ ಚಿಕ್ಕದಾಗತ್ತೆ, ಏನು ಮಾಡೋದು, ನನ್ನಂಥ ರಿಜಿಸ್ಟ್ರಾರ್‌ಗೆ, ಅಂದ್ರೆ ಮ್ಯೂಸಿಯಂಗೆ ಬರೋ ಕೃತಿಗಳ ದಾಖಲೆ ನೋಡ್ಕೊಳ್ಳೋರಿಗೆ, ಬೇಕಾದ್ದೆಲ್ಲ ಇರೋದು ಹಿಂದುಗಡೆನೇ. ಹಳೇ ಗ್ಯಾಲರಿ ಚೀಟಿ, ಹರಾಜಿನವರು ಬರೆದ ನಂಬರ್, ಯಾರೋ ಕೆರೆದು ತೆಗೆದ ಲೇಬಲ್‌ನ ಅಂಟು. ಫ್ರೇಮಿನ ಮರದಲ್ಲಿ ಸೂಜಿಮೊನೆಯಷ್ಟು ತೂತು ಇದ್ದು ಕೆಳಗೆ ಹಿಟ್ಟಿನ ಥರ ಪುಡಿ ಉದುರಿದ್ರೆ ಒಳಗೆ ಹುಳ ಇನ್ನೂ ಜೀವಂತ ಇರಬಹುದು, ಅದು ನೇರ ಪ್ರತ್ಯೇಕ ರೂಮಿಗೆ, ಬೇರೆ ಚಿತ್ರಗಳ ಹತ್ರಕ್ಕೂ ಬಿಡಲ್ಲ.

ಆಮೇಲೆ ಕೇಳೋದು ಯಾರಿಂದ ತಗೊಂಡ್ರಿ, ಅವರು ಯಾರಿಂದ ತಗೊಂಡ್ರು ಅಂತ. ಇದಕ್ಕೆ ಪ್ರೊವೆನೆನ್ಸ್ ಅಂತೀವಿ, ಅಂದ್ರೆ ಚಿತ್ರ ಯಾರ್ಯಾರ ಕೈ ದಾಟಿ ಬಂತು ಅನ್ನೋ ಲೆಕ್ಕ. ಯುರೋಪಿನ ಚಿತ್ರ ಆದ್ರೆ 1933ರಿಂದ 1945ರವರೆಗೆ ಎಲ್ಲಿತ್ತು ಅನ್ನೋದು ಖಾಲಿ ಇದ್ರೆ ನಮಗೆ ನಿದ್ದೆ ಬರಲ್ಲ. ನಾಜಿಗಳು ಕಿತ್ಕೊಂಡ ಕಲಾಕೃತಿಗಳನ್ನ ಹುಡುಕಿ ನ್ಯಾಯ ಕೊಡಬೇಕು ಅಂತ 1998ರಲ್ಲಿ 44 ದೇಶಗಳು ವಾಷಿಂಗ್ಟನ್‌ನಲ್ಲಿ ಒಪ್ಪಿಕೊಂಡ ಮೇಲೆ ಈ ಪ್ರಶ್ನೆನ ಯಾರೂ ತಳ್ಳಿ ಹಾಕೋ ಹಾಗಿಲ್ಲ. ದಾನ ಕೊಟ್ಟವರು ಒಳ್ಳೆಯವರೇ, ಆದರೆ ಅವರ ಕೈಗೆ ಬರೋ ಮುಂಚೆ ಏನಾಗಿತ್ತೋ ಅದಕ್ಕೆ ಅವರ ಒಳ್ಳೇತನ ಗ್ಯಾರಂಟಿ ಅಲ್ಲವಲ್ಲ.

ನಿಜವಾದ ತಲೆನೋವು ಅಂದ್ರೆ ಷರತ್ತು. ಎಲ್ಲಾ ಒಂದೇ ಕೋಣೆಯಲ್ಲಿ ಇರಬೇಕು, ಯಾವತ್ತೂ ಗೋಡೆ ಮೇಲೇ ಇರಬೇಕು, ಎಲ್ಲೂ ಕಳಿಸಬಾರದು, ಹೀಗೆ. ಹಡಗಿನ ವ್ಯಾಪಾರಿ ವಿಲಿಯಂ ಬರೆಲ್ 1944ರಲ್ಲಿ ತನ್ನ ಸಂಗ್ರಹನ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಕೊಟ್ಟಾಗ, ಕಲ್ಲಿದ್ದಲ ಹೊಗೆ ತಾಗದ ಹಾಗೆ ಊರಿಂದ ದೂರ ಕಟ್ಟಡ ಕಟ್ಟಬೇಕು ಅಂದಿದ್ದ. ಅವತ್ತಿಗೆ ಅದು ಸರಿಯಾದ ಮಾತೇ, ಹೊಗೆ ಚಿತ್ರಕ್ಕೂ ಬಟ್ಟೆಗೂ ವಿಷ. ಆದರೆ ಜಾಗ ಹುಡುಕಿ ಕಟ್ಟಿ ಬಾಗಿಲು ತೆಗೆಯೋ ಹೊತ್ತಿಗೆ 1983 ಆಗಿತ್ತು, ಬರೆಲ್ ಹೋಗಿ 25 ವರ್ಷ. ವಿದೇಶಕ್ಕೆ ಎರವಲು ಕೊಡಬಾರದು ಅನ್ನೋ ಇನ್ನೊಂದು ಷರತ್ತನ್ನ ಸಡಿಲಿಸೋಕೆ 2014ರಲ್ಲಿ ಸ್ಕಾಟ್ಲೆಂಡ್ ಪಾರ್ಲಿಮೆಂಟಲ್ಲೇ ಕಾನೂನು ಮಾಡಬೇಕಾಯ್ತು! ಹಾಗಾಗಿ ನಾನು ಬಂದವರಿಗೆ ಹೇಳೋದು, ಆಸೆ ಇದ್ರೆ "ಹೀಗಾದ್ರೆ ಸಂತೋಷ" ಅಂತ ಬರೀರಿ, "ಹೀಗೇ ಆಗಬೇಕು" ಅಂತ ಬೇಡ. ಮ್ಯೂಸಿಯಂಗಳ ಬಹುಪಾಲು ಸಂಗ್ರಹ ಸ್ಟೋರೇಜಲ್ಲೇ ಇರತ್ತೆ, ಯಾವತ್ತೂ ಗೋಡೆ ಮೇಲೆ ಅಂತ ಮಾತು ಕೊಡೋರು ಸುಳ್ಳು ಹೇಳ್ತಿದಾರೆ ಅಂತಾನೇ ಅಂದ್ಕೊಳಿ.

ದಾನ ತಗೊಳೋ ನಾವೂ ಎಡವ್ತೀವಿ ಬಿಡಿ. ಚಿತ್ರಕಾರ ಕೈಬೋಟ್ 1894ರಲ್ಲಿ ತೀರಿಕೊಂಡಾಗ, ಇವತ್ತು ಜಗತ್ತೇ ಕೊಂಡಾಡೋ ಮೊನೆ, ರೆನ್ವಾ, ಸೆಜಾನ್ ಥರದ ಚಿತ್ರಕಾರರ ಅರವತ್ತಕ್ಕೂ ಹೆಚ್ಚು ಕೃತಿಗಳನ್ನ ಫ್ರೆಂಚ್ ಸರ್ಕಾರಕ್ಕೆ ಬಿಟ್ಟು ಹೋದ, ಅವರು ತಗೊಂಡಿದ್ದು ಸುಮಾರು 40, ಉಳಿದದ್ದು ವಾಪಸ್.

ನಾನು ಪ್ರತಿಯೊಬ್ಬ ದಾನಿಗೂ ಹೇಳೋ ಕಥೆ ಮಾತ್ರ ಹ್ಯೂ ಲೇನ್‌ದು. ಐರಿಷ್ ಕಲಾ ವ್ಯಾಪಾರಿ, ಡಬ್ಲಿನ್ ಮೇಲೆ ಮುನಿಸಿಕೊಂಡು 39 ಚಿತ್ರಗಳನ್ನ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಅಂತ 1913ರಲ್ಲಿ ವಿಲ್ ಬರೆದ, ಆಮೇಲೆ ಮನಸ್ಸು ಬದಲಾಗಿ 1915ರ ಫೆಬ್ರವರಿಯಲ್ಲಿ ಇಲ್ಲ ಡಬ್ಲಿನ್‌ಗೇ ಅಂತ ಒಂದು ತಿದ್ದುಪಡಿ ಬರೆದು ಸಹಿ ಹಾಕಿ ಮೇಜಿನೊಳಗೆ ಇಟ್ಟ, ಸಾಕ್ಷಿ ಸಹಿ ಹಾಕಿಸಲಿಲ್ಲ. ಮೇ 7ಕ್ಕೆ ಲುಸಿಟಾನಿಯಾ ಹಡಗನ್ನ ಜರ್ಮನ್ನರು ಮುಳುಗಿಸಿದಾಗ ಅದರಲ್ಲಿ ಅವನೂ ಇದ್ದ. ಅವನ ಮನಸ್ಸಲ್ಲಿ ಏನಿತ್ತು ಅಂತ ಎಲ್ಲರಿಗೂ ಗೊತ್ತು, ಕಾನೂನು ಮಾತ್ರ ಒಪ್ಪಲಿಲ್ಲ. 1959ರಲ್ಲಿ ಎರಡೂ ಊರು ಸರದಿ ಮೇಲೆ ಇಟ್ಕೊಳೋಣ ಅಂತ ರಾಜಿ ಆಗೋವರೆಗೂ ಜಗಳ, ರೆನ್ವಾನ ಪ್ರಸಿದ್ಧ ಛತ್ರಿಗಳ ಚಿತ್ರನೂ ಆ 39ರಲ್ಲೇ ಒಂದು.

ಹೋದ ತಿಂಗಳು ಒಬ್ಬ ಹಿರಿಯರು ಇದನ್ನ ಕೇಳಿ ನಕ್ಕರು, "ನಂದೂ ಡ್ರಾಯರಲ್ಲೇ ಇದೆ" ಅಂದ್ರು. ಮಾರನೇ ದಿನ ಇಬ್ಬರು ಸಾಕ್ಷಿಗಳನ್ನ ಕರ್ಕೊಂಡು ಅವರೇ ಬಂದ್ರು. ಚಿತ್ರನ ಇನ್ನೂ ತಂದಿಲ್ಲ, ಇನ್ನೊಂದಷ್ಟು ದಿನ ನೋಡಬೇಕಂತೆ.