ಗೆರೆ ಎಳೆದವರ ಊರು, ಬದುಕುವವರ ಊರು

2012ರ ಜುಲೈನಲ್ಲಿ ಜೋರ್ಡಾನ್‌ನಲ್ಲಿ, ಸಿರಿಯಾ ಗಡಿಯ ಹತ್ತಿರ, ಯುದ್ಧದಿಂದ ಓಡಿ ಬಂದ ಸಿರಿಯನ್ನರಿಗಾಗಿ ಝಾತರಿ ನಿರಾಶ್ರಿತರ ಶಿಬಿರ ಶುರುವಾಯಿತು. ಮರುವರ್ಷವೇ ಅಲ್ಲಿ ಲಕ್ಷಕ್ಕೂ ಜಾಸ್ತಿ ಜನ. ಮೊದಲು ಡೇರೆ, ಆಮೇಲೆ ಕ್ಯಾರವಾನ್ ಅನ್ನುವ ತಗಡಿನ ಕೋಣೆಗಳು. ಅಧಿಕಾರಿಗಳು ಅವನ್ನು ನೇರ ಸಾಲಿನಲ್ಲಿ ಇಟ್ಟರು. ಜನ ಚಕ್ರ ಜೋಡಿಸಿ, ಹತ್ತಾರು ಕೈ ಸೇರಿಸಿ ಎಳೆದುಕೊಂಡು ಹೋದರು!

ಎಲ್ಲಿಗೆ? ಅಣ್ಣತಮ್ಮಂದಿರ, ತಮ್ಮೂರಿನವರ ಪಕ್ಕಕ್ಕೆ. ಮೂರು ಕೋಣೆ ಸುತ್ತ ಇಟ್ಟರೆ ನಡುವೆ ಒಂದು ಅಂಗಳ. ಮೇಲೆ ಟಾರ್ಪಾಲಿನ ನೆರಳು. ಕೆಲವರು ಪುಟ್ಟ ಕಾರಂಜಿಯನ್ನೂ ಕಟ್ಟಿಕೊಂಡರು. ಎಲ್ಲರಿಗೂ ಸೇರಿ ಕಟ್ಟಿದ್ದ ಅಡುಗೆಮನೆಗಳು ಮಾತ್ರ ಹೆಂಗಸರಿಗೆ ಹಿಡಿಸಲಿಲ್ಲ. ಅಪರಿಚಿತರ ಮಧ್ಯೆ ಅಡುಗೆ ಮಾಡೋದು ಯಾರಿಗೆ ಬೇಕು ಹೇಳಿ?

ಹಾಗಂತ ಅಳತೆಗಳೇ ಬೇಡ ಅನ್ನುವ ಹಾಗಿಲ್ಲ. 1994ರಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಪಕ್ಕದ ದೇಶದ (ಈಗಿನ ಕಾಂಗೋ) ಗೋಮಾ ಪಟ್ಟಣಕ್ಕೆ ಓಡಿ ಬಂದರು. ಅಲ್ಲಿ ನೆಲವೆಲ್ಲ ಜ್ವಾಲಾಮುಖಿಯ ಕಲ್ಲು, ಶೌಚದ ಗುಂಡಿ ತೋಡಲು ಆಗುತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಸುಮಾರು 50,000 ಮಂದಿ ಸತ್ತರು, ಹೆಚ್ಚಿನವರು ಕಾಲರಾ ಮತ್ತು ಆಮಶಂಕೆಯಿಂದ. ಆ ದುರಂತದ ನಂತರ, 1997ರಲ್ಲಿ, ನೆರವು ಸಂಸ್ಥೆಗಳು ಸೇರಿ, ನಿರಾಶ್ರಿತರಿಗೆ ಕನಿಷ್ಠ ಇಷ್ಟು ಸೌಲಭ್ಯ ಇರಲೇಬೇಕು ಎನ್ನುವ 'ಸ್ಫಿಯರ್' ಮಾನದಂಡಗಳ ಕೆಲಸ ಶುರು ಮಾಡಿದವು. ದಿನಕ್ಕೆ ತಲಾ 15 ಲೀಟರ್ ನೀರು, 500 ಮೀಟರ್ ಒಳಗೆ ನಲ್ಲಿ, 20 ಜನಕ್ಕೊಂದು ಶೌಚಾಲಯ, ಅದೂ ಮನೆಯಿಂದ 50 ಮೀಟರ್ ದಾಟಬಾರದು. ಕಾಗದದ ಮೇಲೆ 50 ಮೀಟರ್ ಏನೂ ಅಲ್ಲ. ದೀಪವಿಲ್ಲದ ರಾತ್ರಿ ಒಬ್ಬ ಹುಡುಗಿಗೆ ಅದು ಬಹಳ ದೂರ. ಝಾತರಿಯ ಮನೆಗಳು ತಮ್ಮದೇ ಶೌಚಾಲಯ ಕಟ್ಟಿಕೊಂಡದ್ದು ಸುಮ್ನೆ ಅಲ್ಲ.

ಮುಖ್ಯ ರಸ್ತೆಯಲ್ಲಿ ಅಂಗಡಿಗಳೂ ಎದ್ದವು. ತರಕಾರಿ, ಮೊಬೈಲ್ ರಿಪೇರಿ, ಬಾಡಿಗೆಗೆ ಮದುವೆ ಉಡುಪು. ಪ್ಯಾರಿಸ್ಸಿನ ಪ್ರಸಿದ್ಧ ಬೀದಿಯ ಹೆಸರನ್ನೇ ತಮಾಷೆಗೆ ಇಟ್ಟರು. ಕರೆಂಟು ಬೀದಿದೀಪದ ಕಂಬದಿಂದ ಕದ್ದದ್ದು.

ಈ ಗಲಾಟೆಯೇ ಬೇಡ ಎಂದು 2014ರ ಏಪ್ರಿಲ್‌ನಲ್ಲಿ ಜೋರ್ಡಾನ್‌ನಲ್ಲೇ ಅಝ್ರಕ್ ಎಂಬ ಇನ್ನೊಂದು ಶಿಬಿರ ತೆರೆದರು. ಎಲ್ಲವೂ ಮುಂಚೆಯೇ ಗೆರೆ ಎಳೆದದ್ದು. ಬಿಳಿ ತಗಡಿನ ಸಾಲು, ದೂರದೂರ 'ಹಳ್ಳಿ'ಗಳು, ಶುರುವಿನಲ್ಲಿ ಒಂದೇ ಸೂಪರ್‌ಮಾರ್ಕೆಟ್. ಹಲವು ವರ್ಷ ಝಾತರಿಯ ಸುಮಾರು 80,000 ಜನ 5 ಚದರ ಕಿಲೋಮೀಟರಿನಲ್ಲಿ ಇದ್ದರೆ, ಅಝ್ರಕ್‌ನ ಸುಮಾರು 40,000 ಜನಕ್ಕೆ ಸುಮಾರು 15 ಚದರ ಕಿಲೋಮೀಟರ್ ಇತ್ತು. ಜಾಗ ಜಾಸ್ತಿಯಾದರೆ ಸುಖ ಜಾಸ್ತಿ ಅಲ್ವಾ? ಇಲ್ಲಿ ಹಾಗಾಗಲಿಲ್ಲ. ನೆಂಟರ ಮನೆ ಬಿಸಿಲಲ್ಲಿ ನಡೆಯುವಷ್ಟು ದೂರ, ನೆರಳಿಗೆ ಮರವಿಲ್ಲ. ಮನೆಗಳಿಗೆ ಕರೆಂಟು ಬಂದದ್ದು 2017ರಲ್ಲಿ, ಸೌರ ಸ್ಥಾವರದಿಂದ. ಅಚ್ಚುಕಟ್ಟು ಇದ್ದದ್ದು ನೋಡಿಕೊಳ್ಳುವವರ ಅನುಕೂಲಕ್ಕೆ ಅನ್ನುವುದು ನನ್ನ ಅನಿಸಿಕೆ.

ನಕ್ಷೆಯ ಹಿಂದೆ ಆಶ್ರಯ ಕೊಡುವ ಸರ್ಕಾರದ ಮನಸ್ಸೂ ಇರುತ್ತದೆ. ಬೈಲಕುಪ್ಪೆಯಲ್ಲಿ 1960ರ ಹೊತ್ತಿಗೆ ಮೈಸೂರು ಸರ್ಕಾರ ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಗುತ್ತಿಗೆಗೆ ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು, ಗಟ್ಟಿ ಮನೆ ಕಟ್ಟಿದರು. ಸಿರಿಯನ್ನರು ಒಂದಲ್ಲ ಒಂದು ದಿನ ವಾಪಸ್ ಹೋಗುವವರು ಎಂಬ ಲೆಕ್ಕದಲ್ಲಿ ಜೋರ್ಡಾನ್ ಈ ಶಿಬಿರಗಳಲ್ಲಿ ಕಾಂಕ್ರೀಟ್ ಮನೆಗೆ ಒಪ್ಪಲಿಲ್ಲ. ಕ್ಯಾರವಾನ್‌ಗೆ ಆಯಸ್ಸು ಆರರಿಂದ ಎಂಟು ವರ್ಷ. ಝಾತರಿಯಲ್ಲಿ ಅದು ಯಾವತ್ತೋ ಮುಗಿದಿದೆ, ಸೋರುವ ಸೂರಿನ ರಿಪೇರಿಗೆ ಪ್ರತಿ ಸಲವೂ ದೇಣಿಗೆ ಕೊಡುವವರ ದಾರಿ ಕಾಯಬೇಕು.