ಊರು ಬಿಟ್ಟು ಶಿವಮೊಗ್ಗಕ್ಕೆ ಬಂದ ಮೇಲೆ ತೂಕ ಏರಿತು, ಸುತ್ತಲಿನ ಅಂಗಡಿಗಳೇ ಕಾರಣವಾ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಶಿವಮೊಗ್ಗದ ವಿನೋಬನಗರಕ್ಕೆ ಬಂದು ಆರು ವರ್ಷ ಆಯ್ತು. ಮನೆಯಲ್ಲಿ ಅಡುಗೆ ಅದೇ, ಅನ್ನ, ಸಾರು, ಪಲ್ಯ. ಆದರೂ ನಾನು 9 ಕೆಜಿ, ಯಜಮಾನರು 7 ಕೆಜಿ ಜಾಸ್ತಿ ಆಗಿದ್ದೇವೆ. ಮನೆ ಸುತ್ತ ನಾಲ್ಕು ಬೇಕರಿ ಇರುವುದು ಕಾರಣವಾ, ಅಥವಾ ನಮ್ಮ ನಾಲಿಗೆಯದೇ ತಪ್ಪಾ?

ಉತ್ತರ: ಬೇರೆ ಬೇರೆ ಮಾತಲ್ಲಿ ತುಂಬಾ ಜನ ಕೇಳುವ ಪ್ರಶ್ನೆ ಇದು. ಮೊದಲಿಗೆ, ನಾಲಿಗೆಯನ್ನು ಸುಮ್ನೆ ಬೈದುಕೊಳ್ಳಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 2015-16ರಲ್ಲಿ ದೇಶದ ನೂರು ಹೆಂಗಸರಲ್ಲಿ ಸುಮಾರು 21 ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು, 2019-21ಕ್ಕೆ ಅದು 24 ಆಯಿತು. ಗಂಡಸರಲ್ಲಿ 19 ಇದ್ದದ್ದು 23. ಇಷ್ಟು ಬೇಗ ಇಷ್ಟೊಂದು ಜನರ ನಾಲಿಗೆ ಒಟ್ಟಿಗೇ ಹಿಡಿತ ತಪ್ಪಿತು ಅಂದರೆ ನಂಬಲಿಕ್ಕೆ ಆಗುತ್ತದಾ? ಬದಲಾಗಿದ್ದು ಸುತ್ತಲಿನ ಬದುಕು.

ಹಾಗಂತ ಬೇಕರಿ ಎಣಿಸಿದರೆ ಉತ್ತರ ಸಿಗುವುದಿಲ್ಲ. ಅಮೆರಿಕದಲ್ಲಿ ಒಳ್ಳೆ ತರಕಾರಿ ಸಿಗದ ಬಡಾವಣೆಗಳಲ್ಲಿ ಹೊಸದಾಗಿ ಸೂಪರ್ ಮಾರ್ಕೆಟ್ ತೆರೆದಾಗ ಏನಾಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಜನ ಹೊಸ ಅಂಗಡಿಗೆ ಹೋದರು, ಆದರೆ ಚೀಲಕ್ಕೆ ಹಾಕಿಕೊಂಡಿದ್ದು ಹೆಚ್ಚುಕಡಿಮೆ ಹಳೆಯದನ್ನೇ. ಒಳ್ಳೆಯದು ಹತ್ತಿರ ಬಂದ ಮಾತ್ರಕ್ಕೆ ಊಟ ಬದಲಾಗುವುದಿಲ್ಲ. ಕೈಯಲ್ಲಿರುವ ದುಡ್ಡು, ಸಮಯ, ಮೊದಲಿಂದ ಬಂದ ಅಭ್ಯಾಸ ಎಲ್ಲ ಸೇರಿಕೊಳ್ಳುತ್ತವೆ.

ಇನ್ನೊಂದು ಅಧ್ಯಯನ ನಿಮ್ಮ ಕತೆಗೆ ಹತ್ತಿರದ್ದು. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ, ಕಡುಬಡವರ ಬಡಾವಣೆಯಲ್ಲಿದ್ದ ಕುಟುಂಬಗಳಿಗೆ ಲಾಟರಿ ಎತ್ತಿ, ಅನುಕೂಲಸ್ಥರಿರುವ ಕಡೆ ಮನೆ ಮಾಡಲು ಸಹಾಯ ಕೊಟ್ಟರು. ಹತ್ತು ಹದಿನೈದು ವರ್ಷ ಕಳೆದು ನೋಡಿದರೆ, ಆ ಸಹಾಯ ಸಿಕ್ಕ ಹೆಂಗಸರಲ್ಲಿ ವಿಪರೀತ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಕಡಿಮೆ ಇತ್ತು. ಅಂದರೆ ಇರುವ ಜಾಗ ಮೈಗೆ ತಾಗುತ್ತದೆ, ಖಂಡಿತ. ಅಂಗಡಿಯಿಂದ ಎಷ್ಟು, ನಡೆಯಲು ಭಯವಿಲ್ಲದ ಬೀದಿಯಿಂದ ಎಷ್ಟು, ಮನಸ್ಸಿನ ನೆಮ್ಮದಿಯಿಂದ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಈಗ ನಿಮ್ಮ ಮನೆಗೆ ಬರೋಣ. ಊರಲ್ಲಿ ಸಂಜೆ ಐದಕ್ಕೆ ಹಸಿವಾದರೆ ಏನಿತ್ತು? ಬೆಳಗಿನ ಕಡುಬು ಉಳಿದಿದ್ದರೆ ಅದು, ಇಲ್ಲದಿದ್ದರೆ ಬಾಳೆಹಣ್ಣು, ಅವಲಕ್ಕಿ, ಮಳೆಗಾಲವಾದರೆ ಒಲೆಯ ಕೆಂಡದಲ್ಲಿ ಸುಟ್ಟ ಎರಡು ಹಲಸಿನ ಹಪ್ಪಳ. ಬೇಕರಿಗೆ ಹೋಗಬೇಕಾದರೆ ಬಸ್ಸು ಹತ್ತಿ ಪೇಟೆಗೇ ಬರಬೇಕಿತ್ತು. ಇಲ್ಲಿ ಚಪ್ಪಲಿ ಮೆಟ್ಟಿ ಮೂರು ನಿಮಿಷ ನಡೆದರೆ ಬಿಸಿ ಪಪ್ಸ್, ಖಾರಾ ಬನ್, ಅದರ ಪಕ್ಕದಲ್ಲೇ ಗೋಬಿ ಗಾಡಿ. ಒಂದು ಪಪ್ಸ್ ಅಂದರೆ ಸುಮಾರು 250ರಿಂದ 300 ಕ್ಯಾಲೊರಿ, ಯಾಕೆಂದರೆ ಮೈದಾದ ಪದರ ಪದರದ ನಡುವೆಯೂ ಕೊಬ್ಬು ಇರುತ್ತದೆ. ಮೈದಾ ಅಥವಾ ಸಕ್ಕರೆ ಒಂದು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಅಷ್ಟನ್ನು ನಡೆದು ಕರಗಿಸಲು ಒಂದು ಗಂಟೆಗಿಂತ ಜಾಸ್ತಿ ಬೇಕು. ತಿಂದಿದ್ದು ಮಾತ್ರ ಐದು ನಿಮಿಷದಲ್ಲಿ, ರಾತ್ರಿ ಊಟವೂ ಅದರಿಂದ ಕಡಿಮೆ ಆಗುವುದಿಲ್ಲ.

ಇದು ನನ್ನ ಊಹೆಯಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 20 ಜನರನ್ನು ಒಳಗೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ತಟ್ಟೆಯಲ್ಲಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ, ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸು ಇದ್ದಾಗ ಅವರು ಗೊತ್ತಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಎರಡೇ ವಾರದಲ್ಲಿ 0.9 ಕೆಜಿ ಏರಿದರು. ಮಾಮೂಲಿ ಅಡುಗೆಯಲ್ಲಿ ಅಷ್ಟೇ ಇಳಿದರು. ನಾಲಿಗೆಯನ್ನು ಬೈಯಬೇಡಿ ಅಂದಿದ್ದು ಇದಕ್ಕೇ.

ಅಡುಗೆ ಅದೇ ಅಂದಿರಿ. ನಿಜವಾಗಿ ಅದೇನಾ, ಒಮ್ಮೆ ನೆನಪು ಮಾಡಿಕೊಳ್ಳಿ. ಹಿತ್ತಲಿಗೆ ಹೋಗಿ ಒಂದು ಹಿಡಿ ಒಂದೆಲಗ, ನಾಲ್ಕು ಎಳೆ ಚಕ್ರಮುನಿ ಕಿತ್ತು ತಂದರೆ ತಂಬುಳಿ ಆಗುತ್ತಿತ್ತು, ಬಸಳೆ ಹರಿವೆ ದುಡ್ಡಿಲ್ಲದೆ ಸಿಗುತ್ತಿತ್ತು. ಪೇಟೆಯಲ್ಲಿ ಹಿತ್ತಲಿಲ್ಲ, ಸೊಪ್ಪು ಕೊಳ್ಳಬೇಕು, ಬಿಡಿಸಲು ಪುರುಸೊತ್ತೂ ಬೇಕು. ಹಾಗಾಗಿ ಸೊಪ್ಪು ಸದ್ದಿಲ್ಲದೆ ಜಾರಿಹೋಗಿ ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬಂದಿರುತ್ತದೆ. ತೋಟದ ಇಳಿಜಾರು ಹತ್ತಿ ಇಳಿದು, ಅಗಳ ದಾಟಿ, ಸೊಪ್ಪು ಹೊತ್ತು ತಂದ ಮೈಗೆ ಬೇಕಿದ್ದಷ್ಟು ಅನ್ನ, ಸ್ಕೂಟಿಯಲ್ಲಿ ಓಡಾಡುವ ಮೈಗೆ ಬೇಡ. ಊರಲ್ಲೇ ಉಳಿದವರಿಗೂ ಈ ತೊಂದರೆ ತಪ್ಪಿಲ್ಲ, ಹಳ್ಳಿ ಅಂಗಡಿಯ ಬಾಗಿಲಲ್ಲೂ ಈಗ ಚಿಪ್ಸ್ ಪ್ಯಾಕೆಟ್ಟಿನ ಮಾಲೆ ನೇತಾಡುತ್ತದೆ.

ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ನೋಡಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಥೈರಾಯ್ಡ್ ಮತ್ತು ಸಕ್ಕರೆ ಒಮ್ಮೆ ಪರೀಕ್ಷೆ ಮಾಡಿಸಿ. ಮಕ್ಕಳಿದ್ದರೆ ಇನ್ನೊಂದು ವಿಷಯ: ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರುವಂತಿಲ್ಲ ಎಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ. ಪೋಷಕರ ಸಭೆಯಲ್ಲಿ ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು.

ಬೇಕರಿ ಎಲ್ಲಿಗೂ ಹೋಗುವುದಿಲ್ಲ, ವಾರಕ್ಕೊಮ್ಮೆ ಹೋಗಿ, ಖುಷಿಯಾಗಿ ತಿನ್ನಿ. ಉಳಿದ ದಿನ ಸಂಜೆ ಐದಕ್ಕೆ ಅದಕ್ಕಿಂತ ಹತ್ತಿರ ಏನಾದರೂ ಇರಲಿ, ಬೇಯಿಸಿದ ಕಡಲೆಯೋ, ಹಣ್ಣೋ, ಒಂದು ಲೋಟ ಮಜ್ಜಿಗೆಯೋ. ಮುಂದಿನ ಸಲ ಊರಿಗೆ ಹೋದಾಗ ಒಂದೆಲಗದ ನಾಲ್ಕು ಬಳ್ಳಿ ಬೇರು ಸಮೇತ ತನ್ನಿ. ಬಿಸಿಲು ಜೋರಿಲ್ಲದ ಕಡೆ ಅಗಲದ ಕುಂಡದಲ್ಲಿ ನೆಟ್ಟು ಮಣ್ಣು ಒಣಗದಂತೆ ನೋಡಿಕೊಂಡರೆ ತಂಬುಳಿಗೆ ಆಗುವಷ್ಟು ಮನೆಯಲ್ಲೇ ಹಬ್ಬಿಕೊಳ್ಳುತ್ತದೆ.